ನೈಜಕಾಲ ಕಾರ್ಯಾಚರಣ ವ್ಯವಸ್ಥಾ ಚಯನ ಮೀಮಾಂಸೆ: ಪಂಪ್‌ಸೆಟ್ ಡಬ್ಬಿಯನ್ನು ಮುಂದಿಟ್ಟುಕೊಂಡು

ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ತ್ರಿತಾಲೂಕಾತ್ಮಕ ಕ್ಷೇತ್ರದಲ್ಲಿ ಬೋರ್‌ವೆಲ್ಲಿನ ಪಕ್ಕದ ಕಂಬಕ್ಕೆ ತೂಗುವ ತಗಡಿನ ಡಬ್ಬಿಯೊಂದುಂಟು. ಅದಕ್ಕೊಂದು ಸಿಮ್ ಇದೆ. ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಚಾಲೂ ಆಗುತ್ತದೆ. ಇಂಥ ಬಹುಸ್ತರೀಯ ಅಂತರ್ಗತ ಗಣಕ ಸಾಧನದ ಗರ್ಭದಲ್ಲಿ ಯಾವ ನೈಜಕಾಲ ಕಾರ್ಯಾಚರಣ ವ್ಯವಸ್ಥೆ, ಅರ್ಥಾತ್ ಆರ್‌ಟಿಓಎಸ್, ನೆಲೆಗೊಳ್ಳತಕ್ಕದ್ದು ಎಂಬುದೇ ಪ್ರಸ್ತುತ ಜಿಜ್ಞಾಸೆ.

ಗ್ರಂಥಾರಂಭದಲ್ಲಿ ಅನುಬಂಧ ಚತುಷ್ಟಯ ಹೇಳುವುದು ಸಂಪ್ರದಾಯ. ವಿಷಯ: ಡಬ್ಬಿ. ಅಧಿಕಾರಿ: ಡಬ್ಬಿಯನ್ನು ಎಂದೂ ಬಿಚ್ಚದವನು. ಪ್ರಯೋಜನ: ಲೇಖಕನ ಬಡ್ತಿ. ಸಂಬಂಧ: ಬಡ್ತಿ ಸಮಿತಿಯಲ್ಲಿರುವ ಸೋದರಮಾವ.

ಇನ್ನು ಲಕ್ಷಣ. ಸರಿಯಾದ ಉತ್ತರ ತಡವಾಗಿ ಬಂದರೆ ತಪ್ಪುತ್ತರವೇ ಆಗುವಲ್ಲಿ ನೈಜಕಾಲತ್ವ ಸಿದ್ಧಿಸುತ್ತದೆ. ಅದು ಹನ್ನೊಂದು ವಿಧ. ಮೊದಲನೆಯದು ಕಠಿಣ: ಮೂರು ಫೇಸಿನಲ್ಲಿ ಒಂದು ಹೋದ ಕೂಡಲೇ ಮೋಟರ್ ನಿಲ್ಲಬೇಕು, ಇಲ್ಲವಾದರೆ ವೈಂಡಿಂಗ್ ಸುಟ್ಟು ಕರಿಯಾಗುತ್ತದೆ. ಎರಡನೆಯದು ಮೃದು: ತಡವಾದರೂ ನಡೆಯುತ್ತದೆ, ಬೆಲೆ ಮಾತ್ರ ಕರಗುತ್ತಾ ಹೋಗುತ್ತದೆ. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಕೊಡಬೇಕೆಂಬ 1966ರ ಕಬ್ಬು ನಿಯಂತ್ರಣ ಆದೇಶ ಇದಕ್ಕೆ ಉತ್ತಮ ದೃಷ್ಟಾಂತ. ಮೂರನೆಯದು ದೃಢ, ಇದು ಕಠಿಣವೂ ಅಲ್ಲ, ಮೃದುವೂ ಅಲ್ಲ. ನಾಲ್ಕನೆಯದು ದೃಢಮೃದು. ಉಳಿದ ಏಳನ್ನು ಬರೆಯುವಷ್ಟರಲ್ಲಿ ಚಹಾ ಬಂತು.

ದರ್ಶನಗಳು ಹಲವು. ರಿಚರ್ಡ್ ಬ್ಯಾರಿ 2003ರಲ್ಲಿ ಪ್ರವರ್ತಿಸಿದ ಫ್ರೀಆರ್‌ಟಿಓಎಸ್ 2017ರಲ್ಲಿ ಅಮೆಜಾನ್ ಮಠಕ್ಕೆ ಸೇರಿತು. ಜೆಫಿರ್ 2016ರಿಂದ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿದೆ. ಥ್ರೆಡ್‌ಎಕ್ಸನ್ನು 2019ರಲ್ಲಿ ಕೊಂಡ ಮೈಕ್ರೋಸಾಫ್ಟ್ 2023ರಲ್ಲಿ ಎಕ್ಲಿಪ್ಸ್‌ಗೆ ದಾನ ಕೊಟ್ಟಿತು. ಎಂಬೆಡ್ ಓಎಸ್‌ಗೆ 2026ರ ಜುಲೈ ಕೊನೆಯ ಗಡುವೆಂದು ಆರ್ಮ್ ಕಂಪನಿಯೇ ಸಾರಿತು. ಬೆಂಗಳೂರಿನ ಎ.ಸಿ. ಸಭಾಂಗಣದಲ್ಲಿ ಇವುಗಳ ತಾರತಮ್ಯವನ್ನು ಬಣ್ಣಬಣ್ಣದ ಕೋಷ್ಟಕ ಹಾಕಿ ಇಡೀ ದಿನ ವಿವರಿಸಿದರು. ಮೋಟರ್ ಹಚ್ಚಿ ಆರಿಸುವ ಕಾಂಟ್ಯಾಕ್ಟರ್ ಅಂದರೇನೆಂದು ಮಧ್ಯೆ ಯಾರೋ ಕೇಳಿದಾಗ ವೇದಿಕೆಯ ಮೇಲಿದ್ದವರು ಗುತ್ತಿಗೆದಾರ ಎಂದರು.

ಕೇಳುವವರಿಗಾಗಿ ಹೇಳುತ್ತೇನೆ. ಡಬ್ಬಿಗೆ ಇರುವ ಕೆಲಸ ನಾಲ್ಕೇ: ಫೇಸ್ ನೋಡುವುದು, ಮೋಟರ್ ಎಳೆಯುವ ಕರೆಂಟು ನೋಡುವುದು, ಬೋರು ಬತ್ತಿದರೆ ನಿಲ್ಲಿಸುವುದು, ಫೋನಿಗೆ ಉತ್ತರಿಸುವುದು. ಮೊದಲ ಮೂರಕ್ಕೆ ಒಂದು ಸಾದಾ ಲೂಪ್ ಸಾಕು. ತಂಟೆ ನಾಲ್ಕನೆಯದರದು. ಸಿಗ್ನಲ್ ಸಿಗದ ಮೋಡೆಮ್ ಉತ್ತರ ಕೊಡಲು ಹಲವು ಸೆಕೆಂಡು ತಿನ್ನುತ್ತದೆ, ಅಷ್ಟು ಹೊತ್ತು ಫೇಸ್ ನೋಡುವವರು ಯಾರೂ ಇರುವುದಿಲ್ಲ. ಆರ್‌ಟಿಓಎಸ್ ಬೇಕಾಗುವುದು ಇಷ್ಟಕ್ಕೆ.

ಈಗ ಪೂರ್ವಪಕ್ಷಿಗಳ ಅತಿ ದೊಡ್ಡ ಪ್ರಮಾದ. ಅವರಿಗೆ ವೇಗವೇ ಮೋಕ್ಷ. ಕರೆಂಟು ಬಂದ ಮಿಲಿಸೆಕೆಂಡಿನಲ್ಲೇ ಮೋಟರ್ ಎಬ್ಬಿಸುವ ಡಬ್ಬಿ ಶ್ರೇಷ್ಠವಂತೆ. ಒಂದು ಟಿ.ಸಿ. (ಟ್ರಾನ್ಸ್‌ಫಾರ್ಮರ್) ಮೇಲಿನ ಅಷ್ಟೂ ಡಬ್ಬಿಗಳು ಹೀಗೆ ಶ್ರೇಷ್ಠವಾದರೆ? ಏಳುವಾಗ ಮೋಟರ್ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಎಲ್ಲವೂ ಒಂದೇ ಉಸಿರಿಗೆ ಎದ್ದರೆ ಟಿ.ಸಿ. ಕೂತುಬಿಡುತ್ತದೆ. ಹುಕ್ಕೇರಿಯ ಕಡೆ 1969ರ ಗ್ರಾಮೀಣ ವಿದ್ಯುತ್ ಸಹಕಾರ ಸಂಘ, ಈ ಕಡೆ ಹೆಸ್ಕಾಂ. ತಂತಿ ಯಾರದಾದರೂ ತಾಮ್ರ ಸುಡುವ ರೀತಿ ಒಂದೇ. ಆದ್ದರಿಂದ ಸಿದ್ಧಾಂತ: ಇಲ್ಲಿ ಬೇಕಾದ ಗುಣ ಚುರುಕಲ್ಲ, ಪಕ್ಕದವನಿಗಿಂತ ಬೇರೆಯಾದ ಒಂದಿಷ್ಟು ತಡ.

ಆದ್ಯತಾ ವಿಪರ್ಯಾಸವೆಂಬ ಇನ್ನೊಂದು ಪ್ರಕರಣವಿದೆ. 1997ರ ಜುಲೈನಲ್ಲಿ ಮಂಗಳ ಗ್ರಹಕ್ಕಿಳಿದ ಪಾಥ್‌ಫೈಂಡರ್ ಮತ್ತೆ ಮತ್ತೆ ತಾನೇ ರೀಸೆಟ್ ಆಗತೊಡಗಿತು. ಅದರಲ್ಲಿದ್ದದ್ದು ವಿಎಕ್ಸ್‌ವರ್ಕ್ಸ್. ಹವಾಮಾನ ನೋಡುವ ಕೆಳದರ್ಜೆಯ ಟಾಸ್ಕು ಒಂದು ಬೀಗ ಹಿಡಿದು ಕೂತಿತ್ತು, ನಡುದರ್ಜೆಯವು ಅದನ್ನು ಬದಿಗೆ ತಳ್ಳಿ ತಮ್ಮ ಕೆಲಸ ಸಾಗಿಸಿದವು, ಅದೇ ಬೀಗಕ್ಕೆ ಕಾದು ನಿಂತ ಮೇಲ್ದರ್ಜೆಯ ಟಾಸ್ಕಿಗೆ ಗಡುವು ಮೀರಿತು. ಭೂಮಿಯಿಂದ ಒಂದು ಸೆಟ್ಟಿಂಗ್ ಬದಲಿಸಿ ಸರಿಪಡಿಸಿದರು.

ನಮ್ಮಲ್ಲಿ ಕಾಗದದ ಮೇಲೆ ರೈತನೇ ಮೇಲ್ದರ್ಜೆ. 10 ಎಚ್‌ಪಿವರೆಗೆ ಕರೆಂಟು ಪುಕ್ಕಟೆ, ದಿನಕ್ಕೆ ಏಳು ತಾಸು ತ್ರೀ ಫೇಸ್. ಯಾವ ಏಳು ತಾಸು? ಪಾಳಿ ಬಂದರೆ ನಡುರಾತ್ರಿ. ಊರು, ಪ್ಯಾಟೆ, ಫ್ಯಾಕ್ಟರಿ ಉಂಡು ಬಿಟ್ಟದ್ದು. ಹಿಡಕಲ್ ಡ್ಯಾಮು 51 ಟಿಎಂಸಿ ತುಂಬಿ ನಿಂತಿರುತ್ತದೆ. ಗೋಕಾಕ ಫಾಲ್ಸಿನ ನೀರಿನ ಬಲದಲ್ಲಿ 1887ರ ಹೊತ್ತಿಗೇ ನೂಲಿನ ಗಿರಣಿ ತಿರುಗಿದ ಸೀಮೆ ಇದು. ಇಲ್ಲಿ ಇನ್ನೂ ಕಬ್ಬಿನ ಸಾಲಿನ ಕೆಸರಿನಲ್ಲಿ ಟಾರ್ಚ್ ಹಿಡಿದು ನಿಲ್ಲಬೇಕು. ಕೆಸರಿನಲ್ಲಿ ಹಾವಿರುತ್ತದೆ, ಹರಿದ ಕೇಬಲ್ಲಿನಲ್ಲಿ ಕರೆಂಟಿರುತ್ತದೆ. ಹಾಗೆ ಹೋದವರು ಮರುದಿನ ಪೇಪರಿನಲ್ಲಿ ನಾಲ್ಕು ಸಾಲಾಗುತ್ತಾರೆ. ಮಂಗಳನ ಮೇಲಿನ ಯಂತ್ರಕ್ಕೆ ಭೂಮಿಯಿಂದ ಆದ್ಯತೆ ತಿದ್ದಲು ಬಂತು, ಕಣ್ಣೆದುರಿನ ಫೀಡರಿಗೆ ತಿದ್ದಲು ಬರುವುದಿಲ್ಲ. ಇದಕ್ಕೆ ಯಾವ ವರ್ಗೀಕರಣ ಬರೆಯಲಿ?

ಡಬ್ಬಿಯ ಮಹಿಮೆ ಬಣ್ಣಿಸುತ್ತಿದ್ದ ನನಗೆ ಮೂಡಲಗಿ ಕಡೆಯ ಹಿರಿಯರೊಬ್ಬರು ಹೇಳಿದ್ದು: ‘ಮೋಟರ್ ಏನೋ ಹಾಸಿಗ್ಯಾಗ ಮಕ್ಕೊಂಡ ಚಾಲೂ ಮಾಡತೇನ್ರಿ ಸರ. ನೀರ ತಿರುವೂದಕ್ಕ ಯಾವ ನಂಬರಿಗೆ ಮಿಸ್ ಕಾಲ್ ಕೊಡ್ಲಿ?’

ಆಯ್ಕೆ ಕೇಳಿದ್ದೀರಲ್ಲ, ಬರೆದುಕೊಳ್ಳಿ. ಫ್ರೀಆರ್‌ಟಿಓಎಸ್ ಹಾಕಿ, ದುಡ್ಡು ಬೇಡ, ಅದರ ತಿರುಳು ಕೆಲವೇ ಕಿಲೋಬೈಟ್. ಫೇಸ್ ನೋಡುವ ಟಾಸ್ಕಿಗೆ ಮೇಲಿನ ಆದ್ಯತೆ, ಮೋಡೆಮ್ಮಿಗೆ ಕೆಳಗಿನದು. ಪ್ರೋಗ್ರಾಮು ಸಿಕ್ಕಿಬಿದ್ದರೆ ರೀಸೆಟ್ ಮಾಡಲು ಒಂದು ವಾಚ್‌ಡಾಗ್. ಪ್ರತಿ ಡಬ್ಬಿಗೂ ಬೇರೆ ಬೇರೆ ತಡ. ಅರ್ಧ ಪುಟದ ಕೆಲಸ. ಕೋಷ್ಟಕಕ್ಕೆಂದು ತರಿಸಿದ ಉಳಿದ ಹಾಳೆಗಳನ್ನು ಹಗಲು ಕರೆಂಟಿನ ವೇಳಾಪಟ್ಟಿ ಬರೆಯಲು ಕೊಡಿ.