ಕೋಡಿ ಬಿದ್ದ ಪರಿಹಾರ

ಹಿರಿಯೂರಿನ ನಮ್ಮ ಚಿಕ್ಕಪ್ಪನ ಹೊಲ ಹೆದ್ದಾರಿಗೆ ಹೋಯಿತು. ಹೆಚ್ಚುವರಿ ಪರಿಹಾರದ ಕೇಸು ಮಾತ್ರ ಎಲ್ಲಿಗೂ ಹೋಗಲಿಲ್ಲ. "ಮಾರಿಕಣಿವೆ ಡ್ಯಾಂ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನನ್ನದೇನು ಮಹಾ ತಡ?" ಅನ್ನುತ್ತಿದ್ದರು. ಹೊಳಲ್ಕೆರೆಯ ಬಯಲು ಗಣಪನಿಗೆ ಹರಕೆ ಹೊತ್ತ ಮೇಲೆ ಅಂತೂ ದುಡ್ಡು ಖಾತೆಗೆ ಬಂತು. ಬೆನ್ನಿಗೇ ಹೊಸದುರ್ಗದ ಬೀಗರೂ ಬಂದರು.

ಚಿತ್ರದುರ್ಗದ ಆಡಿಟರು ಕನ್ನಡಕ ಏರಿಸಿದರು: "ಹಳ್ಳಿಯ ಸಾಗುವಳಿ ಜಮೀನು, ಅಸಲಿಗೆ ತೆರಿಗೆ ಇಲ್ಲ. ತಡವಾದದ್ದಕ್ಕೆ ಕೊಟ್ಟ ಬಡ್ಡಿ ಮಾತ್ರ ಇತರೆ ಮೂಲದ ಆದಾಯ. ಎಷ್ಟು ವರ್ಷದ್ದಾದರೂ ಕೈಸೇರಿದ ವರ್ಷವೇ ರಿಟರ್ನ್‌ನಲ್ಲಿ ತೋರಿಸಬೇಕು. ಅದರಲ್ಲಿ ಶೇ 50 ಕಳೆಯಬಹುದು."

"ಹಂಗಾದ್ರೆ ವಕೀಲರ ಫೀಸು, ಬಸ್ ಚಾರ್ಜು?"

"ಎಲ್ಲಾ ಆ ಅರ್ಧದಲ್ಲೇ ಬಂತು, ಯಜಮಾನ್ರೇ."

"ಗಣಪನಿಗೆ ಒಡೆದ 101 ಕಾಯಿ?"

"ಅದೂ."

ಚಿಕ್ಕಪ್ಪ ಪಿಸುಗುಟ್ಟಿದರು: "ತೋರಿಸದಿದ್ರೆ ಯಾರಿಗೆ ಗೊತ್ತಾಗುತ್ತೆ?"

ಆಡಿಟರು ಕಂಪ್ಯೂಟರ್ ತಿರುಗಿಸಿದರು. ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಬಡ್ಡಿ, ಹಿಡಿದ ಟಿಡಿಎಸ್ ಎಲ್ಲ ಆಗಲೇ ಕೂತಿತ್ತು.

"ಅಬ್ಬಾ! ಇವರು ನಮ್ಮ ಬೀಗರಿಗಿಂತ ಚುರುಕು," ಅಂದವರೇ ಚಿಕ್ಕಪ್ಪ ಸಹಿ ಹಾಕಲು ಪೆನ್ನು ಕೇಳಿದರು.