ಅಜ್ಜಿ-ಮೊಮ್ಮಕ್ಕಳ ಬಾಂಧವ್ಯವರ್ಧನೆ: ಒಂದು ತಾತ್ವಿಕ ಅನುಸಂಧಾನ (ಮಂಡಿನೋವಿನ ವಿಶೇಷ ಉಲ್ಲೇಖದೊಂದಿಗೆ)

1. ಪೀಠಿಕೆ

ಮೊಮ್ಮಗುವನ್ನು ಬೆನ್ನ ಮೇಲೆ ಕೂರಿಸಿಕೊಂಡು ಆನೆಯಾಡಿಸುವ ಕ್ರಿಯೆಯನ್ನು ನಮ್ಮ ಅಜ್ಜಂದಿರು ಈವರೆಗೆ ಯಾವ ಸೈದ್ಧಾಂತಿಕ ಚೌಕಟ್ಟೂ ಇಲ್ಲದೆ ನಡೆಸಿಕೊಂಡು ಬಂದಿರುವುದು ಅತ್ಯಂತ ವಿಷಾದನೀಯ. ಈ ಕೊರತೆಯನ್ನು ನೀಗಿಸಲು ಬೆಂಗಳೂರಿನ ಶಾಲೆಯೊಂದು ‘ಗ್ರ್ಯಾಂಡ್‌ಪೇರೆಂಟ್ಸ್ ಡೇ’ ಪ್ರಯುಕ್ತ ಕಾರ್ಯಾಗಾರ ಏರ್ಪಡಿಸಿತ್ತು. ಪ್ರಸ್ತುತ ಪ್ರಬಂಧಕಾರನು ಎಲ್‌ಕೆಜಿ ಮಕ್ಕಳ ಕುರ್ಚಿಯಲ್ಲಿ, ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು, ಮೂವತ್ತು ದಾಟದ ಸಂಪನ್ಮೂಲ ವ್ಯಕ್ತಿಯಿಂದ ‘ಕ್ವಾಲಿಟಿ ಟೈಮ್’ ಎಂದರೇನೆಂದು ತಿಳಿದುಕೊಂಡನು. ಅಮೆರಿಕದಲ್ಲಿ ಈ ದಿನಾಚರಣೆಯನ್ನು ಅಧಿಕೃತವಾಗಿ ಘೋಷಿಸಿದ್ದು 1978ರಲ್ಲಿ, ಅಧ್ಯಕ್ಷ ಜಿಮ್ಮಿ ಕಾರ್ಟರ್. ಅದಕ್ಕೂ ಮುಂಚೆ ಅಜ್ಜಿಯರಿದ್ದರೆಂಬುದಕ್ಕೆ ಮೌಖಿಕ ಆಕರಗಳಷ್ಟೇ ಲಭ್ಯ.

2. ಪರಿಭಾಷೆ

ನಿದ್ರಾಪೂರ್ವ ಕಥನಾತ್ಮಕ ವರ್ಗಾವಣೆ: ಮಲಗುವಾಗ ಕತೆ ಹೇಳುವುದು.
ಸ್ಪರ್ಶಕೇಂದ್ರಿತ ಸಾಂತ್ವನ ಪ್ರಕ್ರಿಯೆ: ಬೆನ್ನು ಸವರುವುದು.
ಗೃಹಬಾಹ್ಯ ಗುಪ್ತ ಪೋಷಣೆ: ಸೊಸೆಗೆ ಗೊತ್ತಾಗದಂತೆ ಬೇಕರಿಯಲ್ಲಿ ಬೆಣ್ಣೆ ಬಿಸ್ಕತ್ತು ಕೊಡಿಸುವುದು.

3. ವರ್ಗೀಕರಣ

ಅಜ್ಜಿಯರನ್ನು ಸ್ಥೂಲವಾಗಿ ಐದು ನೆಲೆಗಳಲ್ಲಿ ಗುರುತಿಸಬಹುದು.

(ಅ) ನಿವಾಸಿ ಅಜ್ಜಿ: ಒಂದೇ ಮನೆಯಲ್ಲಿರುವವಳು. ಸ್ಕೂಲ್ ವ್ಯಾನಿಗೆ ಕಾಯುವುದು, ಟಿಫನ್ ಡಬ್ಬಿ ತೊಳೆಯುವುದು ಇವಳ ಕಾರ್ಯಕ್ಷೇತ್ರ. ಮಗುವನ್ನು ಬೆಳೆಸುವ ಬಗ್ಗೆ ಅಭಿಪ್ರಾಯ ಹೇಳುವುದು ಕ್ಷೇತ್ರದ ಹೊರಗಿನ ವಿಷಯ.

(ಆ) ಪರದೆಯ ಅಜ್ಜಿ: ಇವಳ ಮೊಮ್ಮಗು ಕ್ಯಾಲಿಫೋರ್ನಿಯಾದಲ್ಲಿದೆ. ಚಳಿಗಾಲದಲ್ಲಿ ಇಲ್ಲಿ ಭಾನುವಾರ ಬೆಳಗ್ಗೆ ಏಳು ಎಂದರೆ ಅಲ್ಲಿ ಶನಿವಾರ ಸಂಜೆ ಐದೂವರೆ. ವಿಡಿಯೊ ಕರೆಯಲ್ಲಿ ಮೊಮ್ಮಗುವಿಗೆ ಅಜ್ಜಿಯ ಹಣೆ, ಅಜ್ಜಿಗೆ ಆ ಮನೆಯ ಚಾವಣಿ ಕಾಣುತ್ತದೆ. “ಸೇ ಹಾಯ್ ಟು ಅಜ್ಜಿ” ಎಂಬ ದನಿ ಹಿನ್ನೆಲೆಯಿಂದ ಬರುತ್ತದೆ.

(ಇ) ಪಾಳಿಯ ಅಜ್ಜಿ: ಬಾಣಂತನಕ್ಕೆಂದು ಕರೆಸಿಕೊಳ್ಳಲಾದವಳು. ಮೆಂತ್ಯ, ಒಣಶುಂಠಿ, ಸಾರಿನ ಪುಡಿಗಳೊಂದಿಗೆ ವಿಮಾನವಿಳಿಯುತ್ತಾಳೆ. ಪ್ರವಾಸಿ ವೀಸಾದವರಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ಆಮೇಲೆ ಬೀಗಿತ್ತಿಯ ಪಾಳಿ. ಮಗು ಗುರುತು ಹಿಡಿದು, ಎತ್ತಿಕೋ ಎಂದು ಕೈಚಾಚಲು ಕಲಿಯುವ ಹೊತ್ತಿಗೆ ಅಜ್ಜಿಯ ಪೆಟ್ಟಿಗೆ ತೂಕಕ್ಕೆ ಬಂದಿರುತ್ತದೆ.

(ಈ) ಮತ್ತು (ಉ): ಇವನ್ನು ವಿವರಿಸುವ ಉಮೇದು ಈಗ ಉಳಿದಿಲ್ಲ. ಓದುಗರು ತಮ್ಮ ತಮ್ಮ ಮನೆಯಲ್ಲೇ ಹುಡುಕಿಕೊಳ್ಳಬಹುದು.

4. ಶಾಸನಾತ್ಮಕ ಆಯಾಮ

ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕೇಂದ್ರದ ಕಾಯ್ದೆಯಲ್ಲಿ ‘ಮಕ್ಕಳು’ ಎಂದರೆ ವಯಸ್ಕ ಮೊಮ್ಮಕ್ಕಳೂ ಸೇರುತ್ತಾರೆ. ಜೀವನಾಂಶಕ್ಕೆ ತಿಂಗಳಿಗೆ 10,000 ರೂಪಾಯಿಯ ಮಿತಿಯನ್ನೂ ಅದು ಹಾಕಿದೆ. ಅರ್ಥಾತ್, ಬಾಂಧವ್ಯ ಕುದುರದಿದ್ದರೆ ಅರ್ಜಿ ಗುಜರಾಯಿಸಬಹುದು. ಮೊಮ್ಮಗ ಬಂದು ಪಕ್ಕದಲ್ಲಿ ಕೂರಬೇಕೆಂಬ ಕಲಮು ಮಾತ್ರ ಅದರಲ್ಲಿಲ್ಲ.

5. ಚರ್ಚೆ

ಸಂಪನ್ಮೂಲ ವ್ಯಕ್ತಿಗಳೇ, ಇನ್ನು ಸಾಕು. ಕತೆ ಹೇಳಿ, ಕತೆ ಹೇಳಿ ಎನ್ನುತ್ತೀರಿ. ಯಾವ ಭಾಷೆಯಲ್ಲಿ ಹೇಳಬೇಕು? ಹಾಸನದ ಕಡೆಯ ಅಜ್ಜಿ ರಾಕ್ಷಸನನ್ನು ಕೊಳದ ತನಕ ಕರೆತರುವಷ್ಟರಲ್ಲಿ ಮಗು “ಕೊಳ ಮೀನ್ಸ್?” ಎನ್ನುತ್ತದೆ. ಅಜ್ಜಿ ಮಗನ ಮುಖ ನೋಡುತ್ತಾಳೆ, ಮಗ ಮೊಬೈಲು ನೋಡುತ್ತಾನೆ. ಕತೆ ಅಲ್ಲಿಗೇ ನಿಲ್ಲುತ್ತದೆ. ಆ ಮಗುವಿನ ಜೊತೆ ಮನೆಯಲ್ಲಿ ಕನ್ನಡ ಮಾತಾಡದವಳು ಅಜ್ಜಿಯಲ್ಲ. ತರಬೇತಿಗೆ ಕರೆಸಿ ಎಲ್‌ಕೆಜಿ ಕುರ್ಚಿಯಲ್ಲಿ ಕೂರಿಸುವುದು ಮಾತ್ರ ಅಜ್ಜಿಯನ್ನೇ!

ಇನ್ನು ಅಪ್ಪ-ಅಮ್ಮಂದಿರೇ, ಬೇಸಿಗೆ ರಜೆ ಬಂದರೆ ದುಡ್ಡು ಕೊಟ್ಟು ಮಗುವನ್ನು ಶಿಬಿರಕ್ಕೆ ಹಾಕುತ್ತೀರಿ. ಅಲ್ಲಿ ‘ಪಾರಂಪರಿಕ ಕ್ರೀಡೆ’ ಎಂದು ಚೌಕಾಬಾರ, ಅಳಗುಳಿಮಣೆ ಕಲಿಸುತ್ತಾರೆ. ಅದೇ ಅಳಗುಳಿಮಣೆ, ಒಂದು ಸಾಲಿಗೆ ಏಳರಂತೆ ಹದಿನಾಲ್ಕು ಗುಳಿಯದು, ಊರಿನ ಅಟ್ಟದ ಮೇಲೆ ಧೂಳು ತಿನ್ನುತ್ತಿದೆ. ಹುಣಿಸೆಬೀಜ ಡಬ್ಬಿಯಲ್ಲೇ ಇವೆ. ಆಡಿಸುವವಳು ಜಗಲಿಯಲ್ಲಿ ಒಬ್ಬಳೇ ಕೂತಿದ್ದಾಳೆ. ಬಾಂಧವ್ಯಕ್ಕೆ ವಿಧಾನ ಬೇಕಿಲ್ಲ. ಯಾರಿಗೂ ಲೆಕ್ಕ ಕೊಡಬೇಕಿಲ್ಲದ ಉದ್ದನೆಯ ಮಧ್ಯಾಹ್ನಗಳು ಬೇಕು. ಅವನ್ನು ಕಿತ್ತುಕೊಂಡವರು ನಡುವಿನ ತಲೆಮಾರಿನವರು.

6. ಶಿಫಾರಸು

ಈ ಏಪ್ರಿಲ್‌ನಲ್ಲಿ ಮಗುವನ್ನು ಊರಿಗೆ ಕಳಿಸಿ. ಜೊತೆಗೆ ಟ್ಯಾಬ್, ವೇಳಾಪಟ್ಟಿ, ಊಟದ ಚಾರ್ಟು ಕಳಿಸಬೇಡಿ. ಅಲ್ಲಿಯತನಕ ಮನೆಯಲ್ಲಿ ಮಗುವಿನ ಜೊತೆ ಕನ್ನಡದಲ್ಲಿ ಮಾತಾಡಿ. ಮಿಕ್ಕಿದ್ದು ಅಜ್ಜಿಗೆ ಗೊತ್ತು.