ಅರ್ಧ ಅಡಿಯ ತಕರಾರು

ಬಸವೇಶ್ವರನಗರದಲ್ಲಿ ಬೆಳೆದ ಮಕ್ಕಳಿಗೆ ಎರಡರ ಮಗ್ಗಿಗಿಂತ ಮೊದಲು ಬರುವ ಗುಣಾಕಾರ 30×40. ಉತ್ತರ 1200 ಚದರ ಅಡಿ. "ನಿಮ್ಮದೆಷ್ಟು?" ಎಂದು ಇಲ್ಲಿ ಯಾರಾದರೂ ಕೇಳಿದರೆ ಅದು ವಯಸ್ಸಿನ ಪ್ರಶ್ನೆಯಲ್ಲ, ಸಂಬಳದ್ದೂ ಅಲ್ಲ. "ಥರ್ಟಿ ಫಾರ್ಟಿ, ಈಸ್ಟ್ ಫೇಸಿಂಗ್" ಎಂದರೆ ಮರ್ಯಾದೆಯ ಉತ್ತರ. ಮೂಲೆ ಸೈಟಾದರೆ ದನಿ ತಾನಾಗಿಯೇ ಸ್ವಲ್ಪ ಮೇಲೇರುತ್ತದೆ.

ನಮ್ಮಪ್ಪನಿಗೂ ಪಕ್ಕದ ಮನೆ ಯಜಮಾನರಿಗೂ ಇಪ್ಪತ್ತು ವರ್ಷ ನಡೆದ ಶೀತಲ ಸಮರ ಈ ವಿಸ್ತೀರ್ಣದ್ದೇ. ನಮ್ಮ ಟೇಪು ಹಿಡಿದರೆ ಕಾಂಪೌಂಡು ಗೋಡೆ ಅರ್ಧ ಅಡಿ ನಮ್ಮೊಳಗೆ ಬಂದಿತ್ತು. ಅವರ ಟೇಪು ಹಿಡಿದರೆ ಅದೇ ಗೋಡೆ ಅರ್ಧ ಅಡಿ ಅವರೊಳಗೆ ಹೋಗಿತ್ತು. ಕೊನೆಗೆ ಸರ್ವೆ ಮಾಡುವವರೊಬ್ಬರನ್ನು ಕರೆಸಿದರು. ಅವರು ಸರಪಳಿ ಎಳೆದು, ಬೆವರು ಒರೆಸಿಕೊಂಡು ಮೂರನೆಯದೊಂದು ಅಳತೆ ಹೇಳಿದರು. ಎರಡೂ ಮನೆಯವರು ಒಮ್ಮತದಿಂದ ಅದನ್ನು ತಿರಸ್ಕರಿಸಿದರು. ಅರ್ಧ ಅಡಿ ಅಗಲ, ನಲವತ್ತಡಿ ಉದ್ದ, ಒಟ್ಟು 20 ಚದರ ಅಡಿ. ಒಂದು ಚಾಪೆ ಹಾಸುವಷ್ಟು ಜಾಗ.

ಇಷ್ಟೆಲ್ಲ ನಡೆಯುವಾಗ ನಮ್ಮಮ್ಮನಿಗೆ ಇದ್ದ ಚಿಂತೆಯೇ ಬೇರೆ. ಡಿಕಾಕ್ಷನ್ ಇಳಿಯುತ್ತಿರಲಿಲ್ಲ. ಹಾವನೂರು ಸರ್ಕಲ್ ಕಡೆಯ ಕಾಫಿಪುಡಿ ಅಂಗಡಿಯಲ್ಲಿ ಆ ವಾರ ಬೀಜವನ್ನು ತೀರ ನುಣ್ಣಗೆ ಬೀಸಿಕೊಟ್ಟಿದ್ದರು. ಫಿಲ್ಟರಿನ ಮೇಲಿನ ಪಾತ್ರೆಗೆ ಹಾಕಿದ ಬಿಸಿನೀರು ಪುಡಿಯ ಮೇಲೆ ಸತ್ಯಾಗ್ರಹ ಹೂಡಿ ಕೂತಿತ್ತು. ಅಮ್ಮ ಸೌಟಿನ ಹಿಡಿಯಿಂದ ಫಿಲ್ಟರಿನ ತಲೆಗೆ ಎರಡು ಕೊಟ್ಟು, "ಇವರ ಗೋಡೆ ಹಾಳಾಗ, ಮೊದಲು ಇದು ಕೆಳಗಿಳಿಯಲಿ" ಎಂದಳು. ಆಗ ನನಗೆ ತಿಳಿಯದ ವಿಷಯವೆಂದರೆ ಅಮ್ಮ ಅಡುಗೆಮನೆಯಲ್ಲಿ ವಿಸ್ತೀರ್ಣವನ್ನು ಅಳೆಯುತ್ತಿದ್ದಳು, ಅದೂ ಹೊರಗಿನ ಇಬ್ಬರು ಗಂಡಸರಿಗಿಂತ ನಿಖರವಾಗಿ.

ಒಂದು ಸೆಂಟಿಮೀಟರಿನ ಬೆಲ್ಲದ ಚೌಕ ತುಣುಕು ತಗೊಳ್ಳಿ. ಆರು ಮೈ, ಆರು ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ಮಿಲಿಮೀಟರಿನ ಸಾವಿರ ತುಣುಕು ಮಾಡಿ: ಬೆಲ್ಲ ಅಷ್ಟೇ, ಮೈ ಮಾತ್ರ 60 ಚದರ ಸೆಂಟಿಮೀಟರ್. ಕಾಫಿ ಬೀಜವನ್ನು ಬೀಸುವುದೂ ಇದಕ್ಕೇ. ಒಳಗಿದ್ದ ಮೈಯನ್ನು ನೀರಿನ ಕೈಗೆ ಸಿಗುವಂತೆ ಹೊರಗೆ ತರುವುದು. ಆದರೆ ಪುಡಿ ಸಣ್ಣದಾದಷ್ಟೂ ಸಂದಿಗಳೂ ಸಣ್ಣದಾಗಿ, ಪ್ರತಿಯೊಂದು ಕಣದ ಮೈಯನ್ನೂ ಸವರಿಕೊಂಡು ಹೋಗಬೇಕಾದ ನೀರಿಗೆ ದಾರಿ ಸಾಗುವುದಿಲ್ಲ. ಎಷ್ಟು ಹೊತ್ತಿಗೆ ಇಳಿಯಿತು ಎಂದು ನೋಡಿದರೆ ಪುಡಿಯ ಮೈ ಎಷ್ಟೆಂದು ಹೇಳಬಹುದು.

ಇದು ನನ್ನ ಕಲ್ಪನೆಯಲ್ಲ. ಸಿಮೆಂಟನ್ನು ಜಗತ್ತಿನಲ್ಲೆಲ್ಲ ಹೀಗೇ ಅಳೆಯುತ್ತಾರೆ. 1943ರಲ್ಲಿ ಅಮೆರಿಕದ ಬ್ಲೇನ್ ಎಂಬಾತ ಸುಧಾರಿಸಿಕೊಟ್ಟ ಉಪಕರಣವನ್ನು ನೋಡಿದರೆ ನಮ್ಮ ಫಿಲ್ಟರಿನ ದಾಯಾದಿ ಅನ್ನಿಸುತ್ತದೆ. ಕೊಳವೆಯಲ್ಲಿ ಸಿಮೆಂಟನ್ನು ಒತ್ತಿ ಕೂರಿಸಿ, ಅದರ ಮೂಲಕ ಗಾಳಿ ಹಾಯಿಸುತ್ತಾರೆ. ಪಕ್ಕದ ಗಾಜಿನ ಕೊಳವೆಯ ಎಣ್ಣೆ ಒಂದು ಗೆರೆಯಿಂದ ಇನ್ನೊಂದಕ್ಕೆ ಇಳಿಯಲು ಎಷ್ಟು ಸೆಕೆಂಡು ಎಂದು ನೋಡುತ್ತಾರೆ. ನಾಲ್ಕರಷ್ಟು ಹೊತ್ತು ಹಿಡಿದರೆ ಮೈ ಎರಡರಷ್ಟು. ಸೌಟಿನಿಂದ ಕುಟ್ಟುವುದೊಂದು ಬಿಟ್ಟರೆ ಉಳಿದದ್ದೆಲ್ಲ ಅಮ್ಮನ ವಿಧಾನವೇ.

ನಮ್ಮ ದೇಶದ ಮಾನಕದ ಪ್ರಕಾರ 53 ಗ್ರೇಡಿನ ಸಿಮೆಂಟಿನ ಮೈ ಕಿಲೋಗೆ ಕನಿಷ್ಠ 225 ಚದರ ಮೀಟರ್ ಇರಬೇಕು. ಚದರ ಮೀಟರೆಂದರೆ ಬಸವೇಶ್ವರನಗರದವರಿಗೆ ತಲೆಗೆ ಹತ್ತುವುದಿಲ್ಲ, ನಮ್ಮ ಭಾಷೆಗೆ ತರೋಣ. 30×40 ಸೈಟೆಂದರೆ ಸುಮಾರು 111 ಚದರ ಮೀಟರ್. ಒಂದು ಕಿಲೋ ಸಿಮೆಂಟಿನಲ್ಲಿ ಎರಡು ಸೈಟು. ಮೇಸ್ತ್ರಿ ಬೀಡಿ ಸೇದುತ್ತ ಆರಾಮಾಗಿ ಕೂತಿರುತ್ತಾನಲ್ಲ, ಆ 50 ಕಿಲೋ ಮೂಟೆಯಲ್ಲಿ ನೂರು ಸೈಟು: ರಸ್ತೆ, ಪಾರ್ಕು, ಸಿವಿಕ್ ಅಮೆನಿಟಿ ಯಾವುದನ್ನೂ ಬಿಡದ ಎರಡು ಮುಕ್ಕಾಲು ಎಕರೆಯ ಬಡಾವಣೆ.

ಗಾಳಿ ಹಾಯಿಸುವ ಈ ಉಪಾಯಕ್ಕೆ ಒಂದು ಊನವಿದೆ. ಗಾಳಿ ಕಣಗಳ ನಡುವಿನ ಬೀದಿಗಳಲ್ಲಿ ಓಡಾಡುತ್ತದೆ, ಮನೆಗಳ ಒಳಗೆ ಹೋಗುವುದಿಲ್ಲ. ಕಣದೊಳಗೇ ತೂತು, ತೂತಿನೊಳಗೆ ಸಣ್ಣ ತೂತು ಇದ್ದರೆ ಅದು ಲೆಕ್ಕಕ್ಕೆ ಸಿಗದು. ಸಿಗುವಂತೆ ಮಾಡಿದವರು ಮೂವರು: ಬ್ರೂನಾವರ್, ಎಮೆಟ್, ಟೆಲ್ಲರ್. ವರ್ಷ 1938. ಅವರ ಹೆಸರಿನ ಮೊದಲಕ್ಷರ ಸೇರಿಸಿ ಅದನ್ನು ಬಿಇಟಿ ವಿಧಾನ ಎನ್ನುತ್ತಾರೆ. ಟೆಲ್ಲರ್ ಎಂದರೆ ಮುಂದೆ ಹೈಡ್ರೋಜನ್ ಬಾಂಬಿಗೆ ಹೆಸರಾದ ಅದೇ ಟೆಲ್ಲರ್. ಉಳಿದಿಬ್ಬರಿಗೆ ಬೇಕಾಗಿದ್ದದ್ದು ಗೊಬ್ಬರದ ಲೆಕ್ಕ. ಅಮೋನಿಯಾ ತಯಾರಿಕೆಗೆ ಕಬ್ಬಿಣದ ವೇಗವರ್ಧಕ ಬಳಸುತ್ತಿದ್ದರು; ಕೆಲಸವೆಲ್ಲ ಕಬ್ಬಿಣದ ಮೈಮೇಲೆ ನಡೆಯುವುದರಿಂದ ಆ ಮೈ ಎಷ್ಟೆಂದು ತಿಳಿಯಬೇಕಿತ್ತು.

ವಿಧಾನ ಮದುವೆ ಊಟದ್ದು. ಛತ್ರದ ಹಾಲ್ ಎಷ್ಟು ದೊಡ್ಡದೆಂದು ಟೇಪಿಲ್ಲದೆ ತಿಳಿಯಬೇಕಾದರೆ ಪಂಕ್ತಿಯಲ್ಲಿ ಕೂತವರನ್ನು ಎಣಿಸಿ, ಒಬ್ಬರಿಗೆ ಇಷ್ಟು ಜಾಗ ಎಂದು ಗುಣಿಸಿದರಾಯಿತು. ಇಲ್ಲಿ ಉಣ್ಣಲು ಬರುವವರು ನೈಟ್ರೋಜನ್ ಅಣುಗಳು. ಮೊದಲು ಪುಡಿಯನ್ನು ನಿರ್ವಾತದಲ್ಲಿ ಕಾಯಿಸಿ ಒಳಗೆ ಮೊದಲಿನಿಂದ ಬಾಡಿಗೆಗಿದ್ದ ತೇವವನ್ನೆಲ್ಲ ಖಾಲಿ ಮಾಡಿಸುತ್ತಾರೆ. ಆಮೇಲೆ ಪುಡಿಯಿರುವ ಕೊಳವೆಯನ್ನು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ನಿನಲ್ಲಿ ಮುಳುಗಿಸಿ, ನೈಟ್ರೋಜನ್ ಅನಿಲವನ್ನು ಸ್ವಲ್ಪಸ್ವಲ್ಪವಾಗಿ ಒಳಗೆ ಬಿಡುತ್ತಾರೆ. ಆ ಚಳಿಗೆ ಅಣುಗಳು ಸಿಕ್ಕ ಗೋಡೆಗೆ ಅಂಟಿಕೊಳ್ಳುತ್ತವೆ. ಎಷ್ಟು ಕಾಣೆಯಾದವೋ ಅಷ್ಟು ಕೂತವು. ಒಂದಕ್ಕೆ ಹಿಡಿಯುವ ಜಾಗ 0.162 ಚದರ ನ್ಯಾನೊಮೀಟರ್.

ಲ್ಯಾಂಗ್‌ಮ್ಯೂರ್ ಎಂಬ ಸಜ್ಜನ ಇದಕ್ಕೂ ಮೊದಲೇ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ ಎಂದು ನಂಬಿ ಸೂತ್ರ ಬರೆದಿದ್ದ. ಆತ ನಮ್ಮ ಕಡೆಯ ಮದುವೆ ನೋಡಿರಲಿಲ್ಲ. ಮೊದಲ ಪಂಕ್ತಿಗೆ ಇನ್ನೂ ಪಾಯಸ ಬಂದಿರುವುದಿಲ್ಲ, ಬೆನ್ನ ಹಿಂದೆ ಎರಡನೆಯ ಪಂಕ್ತಿ ಕುರ್ಚಿ ಹಿಡಿದು ನಿಂತಿರುತ್ತದೆ, ಅವರ ಹಿಂದೆ ಮೂರನೆಯವರು. ಅಣುಗಳೂ ಹಾಗೇ, ಒಂದರ ಮೇಲೊಂದು ಪದರ. ಈ ನೂಕುನುಗ್ಗಲಿನಲ್ಲಿ ನಿಜವಾಗಿ ಎಲೆಯ ಮುಂದೆ ಕೂತವರೆಷ್ಟು ಎಂದು ಬೇರ್ಪಡಿಸುವ ಗಣಿತವೇ ಬಿಇಟಿ ಸಮೀಕರಣ. ಅದರ ಹಿಂದಿರುವ ಊಹೆಗಳನ್ನು ಪೂರ್ತಿ ನಂಬುವವರು ಕಡಿಮೆ, ಬಳಸದವರು ಇನ್ನೂ ಕಡಿಮೆ. ಜಾತಕದ ಹಾಗೆ.

ಈ ಕಣ್ಣಿನಿಂದ ನೋಡಿದಾಗ ತೀರ ಸಾಧಾರಣ ವಸ್ತುಗಳು ಕೋಟ್ಯಧಿಪತಿಗಳಾಗಿಬಿಡುತ್ತವೆ. ತೆಂಗಿನ ಚಿಪ್ಪನ್ನು ಸುಟ್ಟು ಇದ್ದಲು ಮಾಡಿ, ಕಡು ಬಿಸಿಯ ಹಬೆ ಹಾಯಿಸಿದರೆ ಇದ್ದಲಿನ ತುಂಬ ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ನೀರಿನ ಫಿಲ್ಟರಿನಲ್ಲಿ ಕೂತು ಕ್ಲೋರಿನ್ ವಾಸನೆ ಹಿಡಿಯುವುದು ಅದೇ. ಒಳ್ಳೆಯ ಇದ್ದಲಾದರೆ ಗ್ರಾಮಿಗೆ ಸಾವಿರ ಚದರ ಮೀಟರ್, ಅಂದರೆ ಒಂದು ಗ್ರಾಮಿನಲ್ಲಿ ಒಂಬತ್ತು ಸೈಟು. ಅಪ್ಪ ಮತ್ತು ಪಕ್ಕದ ಮನೆಯವರು ಇಪ್ಪತ್ತು ವರ್ಷ ಮಾತು ಬಿಟ್ಟ ಆ 20 ಚದರ ಅಡಿಗೆ ಒಂದು ರಾಗಿ ಕಾಳಿನಷ್ಟು ತೂಕದ ಇದ್ದಲೂ ಬೇಕಿರಲಿಲ್ಲ.

ನಮ್ಮ ಊರಿನಲ್ಲೇ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ, ಸಿ.ಎನ್.ಆರ್. ರಾವ್ ಅವರ ತಂಡ ಗ್ರ್ಯಾಫೀನ್ ಮೇಲೆ ಹೀಗೆ ಅನಿಲ ಕೂರಿಸಿ ಅಳೆದಿದೆ. ಗ್ರ್ಯಾಫೀನ್ ಎಂದರೆ ಒಂದೇ ಪರಮಾಣುವಿನ ದಪ್ಪದ ಇಂಗಾಲದ ಹಾಳೆ. ಎರಡೂ ಕಡೆ ಮೈಯೇ, ನಡುವೆ ಏನೂ ಇಲ್ಲ. ಹಿಂದೆ ಮುಂದೆ ಎರಡೂ ಕಡೆ ರಸ್ತೆ ಇರುವ ಸೈಟಿದ್ದ ಹಾಗೆ. ಲೆಕ್ಕದ ಪ್ರಕಾರ ಗ್ರಾಮಿಗೆ ಸುಮಾರು 2630 ಚದರ ಮೀಟರ್ ಬರಬೇಕು; ತಯಾರಾದ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಅಷ್ಟು ಸಿಗುವುದಿಲ್ಲ. ಲೋಹದ ಮೂಲೆಗಂಬ, ಇಂಗಾಲದ ತೊಲೆ ಇಟ್ಟು ಅಣುಗಳಲ್ಲೇ ಕಟ್ಟಡ ಕಟ್ಟುವವರು ಇನ್ನೂ ಮುಂದೆ ಹೋಗಿ 7000 ದಾಟಿದ್ದಾರೆ. ಗ್ರಾಮಿಗೆ ಅರವತ್ತು ಸೈಟಿನ ಮೇಲೆ. ಇಂಥ ಕಟ್ಟಡಗಳಿಗೆ ದಾರಿ ತೋರಿದ ರಾಬ್ಸನ್, ಕಿಟಗಾವ, ಯಾಘಿ ಅವರಿಗೆ 2025ರ ರಸಾಯನಶಾಸ್ತ್ರದ ನೊಬೆಲ್ ಬಂತು. ಮರುಭೂಮಿಯ ಗಾಳಿಯಿಂದ ನೀರು ಹಿಡಿಯುವುದರಿಂದ ಹಿಡಿದು ಇಂಗಾಲದ ಡೈಆಕ್ಸೈಡು ಹಿಡಿಯುವತನಕ ಅವುಗಳಿಂದ ಕೆಲಸ ತೆಗೆಯುತ್ತಾರೆ. ನನಗೇನೋ ಅವನ್ನು ಬಿಲ್ಡರುಗಳ ಕಣ್ಣಿಗೆ ಬೀಳದಂತೆ ಕಾಪಾಡಿದರೆ ಸಾಕು ಅನ್ನಿಸುತ್ತದೆ.

ವಿಜ್ಞಾನಿಗಳಾದರೂ ಒಂದೇ ಅಳತೆ ಹೇಳುತ್ತಾರೋ ಎಂದರೆ, ಅದೂ ಇಲ್ಲ. ಕೆಲವು ವರ್ಷದ ಹಿಂದೆ 61 ಪ್ರಯೋಗಾಲಯಗಳಿಗೆ ಮೊದಲೇ ಅಳೆದಿಟ್ಟ ಒಂದೇ ಅಂಕಿಅಂಶಗಳನ್ನು ಕೊಟ್ಟು, ಇದರಿಂದ ವಿಸ್ತೀರ್ಣ ಎಷ್ಟೆಂದು ಲೆಕ್ಕ ಹಾಕಿ ಎಂದು ಕೇಳಿದರು. ಉತ್ತರಗಳು ದಿಕ್ಕಾಪಾಲು. 2022ರಲ್ಲಿ ಅದು ಪ್ರಕಟವಾದುದನ್ನು ಓದಿ ನನಗೆ ಆ ಸರ್ವೆಯವರ ಮುಖ ನೆನಪಾಯಿತು. ಪಾಪ, ಅವರದೇನೂ ತಪ್ಪಿರಲಿಲ್ಲ. ಅಳೆಯುವವನ ಗಾತ್ರದ ಮೇಲೂ ಅಳತೆ ನಿಂತಿದೆ. ನೈಟ್ರೋಜನ್ ಅಣು ನುಗ್ಗಲಾರದ ಸಂದಿಗೆ ನೀರಿನ ಅಣು ನುಗ್ಗುತ್ತದೆ.

ಇದು ಸಿಮೆಂಟಿಗೆ ಬಂದರೆ ಜಗಳವೇ. ಬಿಇಟಿಯ ಬ್ರೂನಾವರ್ ಮುಂದೆ ಅಮೆರಿಕದ ಪೋರ್ಟ್‌ಲ್ಯಾಂಡ್ ಸಿಮೆಂಟ್ ಸಂಘದಲ್ಲಿ ಸೇರಿ, ನೀರು ಕುಡಿದು ಗಟ್ಟಿಯಾದ ಸಿಮೆಂಟಿನ ಒಳಮೈ ಅಳೆಯುತ್ತ ವರ್ಷಗಟ್ಟಲೆ ಕೂತ. ಮೇಸ್ತ್ರಿ ಬೆಳಗ್ಗೆ ಸಂಜೆ ಪೈಪು ಹಿಡಿದು "ಕ್ಯೂರಿಂಗ್ ಸಾರ್, ಕ್ಯೂರಿಂಗ್" ಎಂದು ಗೋಡೆಗೆ ನೀರು ಹೊಡೆಯುವಾಗ ಒಳಗೆ ನಡೆಯುವುದೇ ಇದು: ಕಣಗಳು ಕರಗಿ, ಅತಿ ಸೂಕ್ಷ್ಮ ಪದರಗಳ ಅಂಟಾಗಿ ಹಬ್ಬಿಕೊಳ್ಳುತ್ತವೆ. ನೀರಾವಿಯಿಂದ ಅಳೆದರೆ ಗ್ರಾಮಿಗೆ ಸುಮಾರು 200 ಚದರ ಮೀಟರ್. ಮೂಟೆಯಲ್ಲಿದ್ದ ಪುಡಿಗಿಂತ ಹೆಚ್ಚುಕಡಿಮೆ ಸಾವಿರ ಪಟ್ಟು. ನೈಟ್ರೋಜನ್ನಿನಿಂದ ಅಳೆದರೆ ಅದಕ್ಕಿಂತ ಎಷ್ಟೋ ಕಡಿಮೆ. ಯಾವುದು ಸರಿ ಎಂದು ಸಿಮೆಂಟಿನವರು ದಶಕಗಟ್ಟಲೆ ಕಾದಾಡಿದ್ದಾರೆ. ನಾನು ಮಾತ್ರ ನೀರಿನ ಪಕ್ಷ. ಸಿಮೆಂಟಿನ ಜತೆ ಸಂಸಾರ ಮಾಡಿದ್ದು ಅದೇ ತಾನೆ.

ಅಪ್ಪ ಹೋದಮೇಲೆ ಅವರ ಫೈಲಿನಲ್ಲಿ ಆ ಕಾಂಪೌಂಡು ಗೋಡೆಯ ಚೀಟಿ ಸಿಕ್ಕಿತು. ಸಿಮೆಂಟು ಎಂಟು ಮೂಟೆ, ಎರಡು ಮನೆಯವರೂ ಅರ್ಧರ್ಧ. ಗ್ರಾಮಿಗೆ 200 ಚದರ ಮೀಟರಿನ ಲೆಕ್ಕದಲ್ಲಿ ಒಂದು ಮೂಟೆಗೆ 10 ಚದರ ಕಿಲೋಮೀಟರ್ ಹಿಡಿದರೆ ಗೋಡೆಯೊಳಗೆ 80 ಚದರ ಕಿಲೋಮೀಟರ್ ಇದೆ. ಅದರಲ್ಲಿ ನಲವತ್ತು ನಮ್ಮದು, ನಲವತ್ತು ಅವರದು. ಪಕ್ಕದ ಮನೆ ಯಜಮಾನರು ಈಗಲೂ ಸಂಜೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ನಮ್ಮ ಮನೆಯ ಕಾಫಿಯೂ ಆಗಾಗ ಹೋಗುತ್ತದೆ. ವಿಷಯ ಮಾತ್ರ ಅವರಿಗೆ ಹೇಳಿಲ್ಲ. ಹೇಳಿದರೆ ಮತ್ತೆ ಟೇಪು ಹೊರಗೆ ಬರುತ್ತದೆ.